ಕೀಲಿನೊಳಗಿನ ಹೆಸರು

ಮರದೊಳಗೆ ಹಿತ್ತಾಳೆ ಕೂರಿಸುವುದು ನ್ಯಾಯವೇ? ಹೀಗೊಂದು ಪ್ರಶ್ನೆ ಕೆಲವು ದಿನಗಳಿಂದ ನನ್ನ ತಲೆ ತಿನ್ನುತ್ತಿದೆ. ಕೂಲಿಯ ಪ್ರಶ್ನೆ, ನೀರಿನ ಪ್ರಶ್ನೆ, ಭೂಮಿಯ ಪ್ರಶ್ನೆ ಎಲ್ಲ ಬಿಟ್ಟು ಗಿಟಾರಿನ ಕತ್ತು ಹಿಡಿದುಕೊಂಡು ಕೂತ್ಯೇನಪ್ಪಾ ಅಂತ ಹಂಗಿಸುವ ಗೆಳೆಯರು ನನಗಿದ್ದಾರೆ. ಹಂಗಿಸಲಿ. ಒಂದು ವಸ್ತುವನ್ನು ಬಿಚ್ಚುವ ಹಕ್ಕು ಯಾರದು, ಅದನ್ನು ಮಾಡಿದ ಕೈ ಯಾರದು, ಸತ್ತುಹೋದ ಕೆಲಸಗಾರನಿಗೆ ನಾವು ಸಲ್ಲಿಸಬೇಕಾದ್ದೇನು, ಬದುಕಿ ನುಡಿಸುತ್ತಿರುವವನಿಗೆ ಸಲ್ಲಬೇಕಾದ್ದೇನು ಎಂಬ ಪ್ರಶ್ನೆಗಳು ಎಲ್ಲಿ ಸಿಕ್ಕರೂ ನಮ್ಮವೇ. ಅವು ಅಮೆರಿಕದ ಕಾರ್ಖಾನೆಯೊಂದರ ಮರದ ಹೊಟ್ಟಿನಲ್ಲಿ ಸಿಕ್ಕಿದರೆ ಅಲ್ಲೇ ಬಗ್ಗಿ ಎತ್ತಿಕೊಳ್ಳಬೇಕು.

ಮೊದಲು ವಸ್ತು ಯಾವುದು ಅಂತ ಹೇಳಿಬಿಡ್ತೀನಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಎರಡು ಮುಖ್ಯ ತುಂಡುಗಳು. ಒಂದು ಒಡಲು, ಇನ್ನೊಂದು ಕತ್ತು. ಆರು ತಂತಿ ಬಿಗಿದಾಗ ಆ ಕತ್ತಿನ ಮೇಲೆ ಸುಮಾರು 45 ಕಿಲೋ ಎಳೆತ ಬೀಳುತ್ತದೆ. ಅರ್ಧ ಚೀಲ ಅಕ್ಕಿಯನ್ನು ಹಗಲೂ ರಾತ್ರಿ ನೇತುಹಾಕಿದ ಹಾಗೆ. ಈ ಎರಡು ತುಂಡುಗಳು ಸೇರುವ ಕೀಲಿನ ಮೇಲೆ ಇಡೀ ವಾದ್ಯದ ಬಾಳು ನಿಂತಿದೆ. ಆ ಕೀಲನ್ನು ಹೇಗೆ ಕೂಡಿಸಬೇಕು ಅನ್ನುವುದರಲ್ಲಿ ಎರಡು ಪಂಥ. 1833ರಿಂದ ಗಿಟಾರು ಮಾಡುತ್ತಿರುವ ಮಾರ್ಟಿನ್ ಕಂಪನಿ ಕತ್ತಿನ ಬುಡವನ್ನು ಪಾರಿವಾಳದ ಬಾಲದ ಆಕಾರಕ್ಕೆ ಕೆತ್ತಿ, ಒಡಲಿನಲ್ಲಿ ಅದಕ್ಕೆ ತಕ್ಕ ಕಚ್ಚು ಕೊರೆದು, ಅಂಟು ಹಾಕಿ ಕೂರಿಸುವ ಪಂಥದ್ದು. ಮಿಷಿಗನ್ನಿನ ಕಲಾಮಜೂ ಊರಿನ ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್ ಗಿಟಾರೂ ಅಂಟಿನದೇ. ಇನ್ನೊಂದು ಪಂಥ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನದು. ಅಲ್ಲಿ ಅಂಟಿಲ್ಲ, ಕಚ್ಚಿಲ್ಲ. ಒಂದು ಉಕ್ಕಿನ ತಗಡು, ನಾಲ್ಕು ಸ್ಕ್ರೂ. ಅಷ್ಟೇ.

ಈ ನಾಲ್ಕು ಸ್ಕ್ರೂ ಹಾಕಿಸಿದವನು ಲಿಯೋ ಫೆಂಡರ್. 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಲೆಕ್ಕಪತ್ರ ಓದಿದವನು. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಆದರೆ ಕೆಟ್ಟುಹೋದ ವಸ್ತು ಅಂಗಡಿಯ ಮೇಜಿಗೆ ಹೇಗೆ ಬರುತ್ತೆ, ಅದನ್ನು ಬಿಚ್ಚುವಾಗ ಎಲ್ಲಿ ಬೆರಳು ಸಿಕ್ಕಿಕೊಳ್ಳುತ್ತೆ ಅನ್ನೋದು ಚೆನ್ನಾಗಿ ಗೊತ್ತಿತ್ತು. 1950ರಲ್ಲಿ ಅವನ ಗಿಟಾರು ಹೊರಬಂತು, 1951ರಲ್ಲಿ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು, 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂತು. ಇದು ವಾದ್ಯವಲ್ಲ, ಹಲಗೆ ಅಂತ ಹಳೆಯ ಪಂಥದವರು ಹೀಯಾಳಿಸಿದರು. ಹಲಗೆ ಅನ್ನುವುದು ಬೈಗುಳ ಅಂತ ಅವರಿಗೆ ಅನ್ನಿಸಿತಲ್ಲ! ಹಲಗೆ ಬಡಿದೇ ಬೆಳೆದ ಕೇರಿಯವರು ನಾವು, ನಮಗೆ ಆ ಮಾತು ಬೇರೆಯೇ ಕೇಳಿಸುತ್ತದೆ.

ಫೆಂಡರ್ ಇದನ್ನು ನುಡಿಸುವವನ ಮೇಲಿನ ಪ್ರೀತಿಯಿಂದಲೇ ಮಾಡಿದನೇ? ಹಾಗೆ ನಂಬುವಷ್ಟು ಮುಗ್ಧತೆ ಬೇಡ. ಅಂಟಿನ ಕೀಲಿಗೆ ನುರಿತ ಬಡಗಿ ಬೇಕು, ಹೊತ್ತು ಬೇಕು, ಅಂಟು ಒಣಗುವ ತನಕ ಜಾಗ ಬೇಕು. ಸ್ಕ್ರೂವಿನ ಕೀಲಿಗೆ ಇದ್ಯಾವುದೂ ಬೇಡ. ಕತ್ತು ಒಂದು ಸಾಲಿನಲ್ಲಿ ತಯಾರಾಗುತ್ತೆ, ಒಡಲು ಇನ್ನೊಂದು ಸಾಲಿನಲ್ಲಿ, ಕೊನೆಗೆ ಒಬ್ಬರು ಕೂಡಿಸುತ್ತಾರೆ. ಕತ್ತು ಬಾಗಿದರೆ ತೆಗೆದು ಇನ್ನೊಂದು ಹಾಕು. ಈ ಜಾಣತನದ ಇನ್ನೊಂದು ಮಗ್ಗುಲನ್ನು ನಾವು ನೋಡದೆ ಇರಲಾಗದು. ಯಾವ ಸ್ಕ್ರೂ ಕತ್ತನ್ನು ಬದಲಾಯಿಸಲು ಬರುವಂತೆ ಮಾಡಿತೋ, ಅದೇ ಸ್ಕ್ರೂ ಕತ್ತು ಉಜ್ಜುವವನನ್ನೂ ಬದಲಾಯಿಸಲು ಬರುವಂತೆ ಮಾಡಿತು. ಅದೇ ಸ್ಕ್ರೂ, ದುಡ್ಡಿಲ್ಲದ ಹುಡುಗನೊಬ್ಬ ತನ್ನ ಗಿಟಾರನ್ನು ತಾನೇ ಬಿಚ್ಚಿ ಸರಿ ಮಾಡಿಕೊಳ್ಳಬಹುದು ಅನ್ನುವ ಸ್ವಾತಂತ್ರ್ಯವನ್ನೂ ಕೊಟ್ಟಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಒಂದೋ ಮಾಲೀಕನ ಭಟ್ಟಂಗಿಗಳು, ಇಲ್ಲಾ ಪುಸ್ತಕದ ಕ್ರಾಂತಿಕಾರಿಗಳು.

ಉದ್ದೇಶ ಲಾಭದ್ದಾದರೆ ಫಲವನ್ನು ಮುಟ್ಟಬಾರದೇ? ನನಗೆ ಹಾಗನ್ನಿಸುವುದಿಲ್ಲ. ರೈಲು ಹಾಕಿದವರು ನಮ್ಮ ಉದ್ಧಾರಕ್ಕೆ ಹಾಕಲಿಲ್ಲ, ಆದರೂ ಅದರಲ್ಲಿ ಹತ್ತಿ ಕೂತೆವು. ಕೂತಮೇಲೆ ಮಗ್ಗುಲಲ್ಲಿದ್ದವನಿಗೂ ಕೂರಬೇಕಾಯಿತು. ಬಿಚ್ಚಲು ಬರುವ ಕೀಲು ಲೆಕ್ಕಿಗನ ಬಾಗಿಲಿಂದ ಬಂದರೂ ಒಳಗೆ ಬಂದಿದೆ, ಅದನ್ನು ಬಳಸಬೇಕು.

ಆದರೆ ಅದರಲ್ಲೊಂದು ಸುಳ್ಳಿದೆ. ಜಗತ್ತೆಲ್ಲ ಅದನ್ನು 'ಬೋಲ್ಟ್-ಆನ್' ಕತ್ತು ಅನ್ನುತ್ತೆ. ಅಲ್ಲಿ ಬೋಲ್ಟೇ ಇಲ್ಲ, ಇರುವುದು ಮರದ ಸ್ಕ್ರೂ. ಬೋಲ್ಟು ಲೋಹದ ಥ್ರೆಡ್ಡನ್ನು ಕಚ್ಚುತ್ತೆ, ಸ್ಕ್ರೂ ಮರವನ್ನೇ ಸೀಳಿಕೊಂಡು ತನ್ನ ದಾರಿ ಮಾಡಿಕೊಳ್ಳುತ್ತೆ. ಒಂದು ಸಲ, ಎರಡು ಸಲ, ಹತ್ತು ಸಲ ಬಿಚ್ಚಿ ಹಾಕಿದರೆ ಆ ಮರದ ನಾರು ಪುಡಿಯಾಗುತ್ತಾ ಹೋಗುತ್ತೆ. ಒಳ್ಳೆಯ ಕೈ ಇರುವವರು ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸುತ್ತಾರೆ. 'ಟಕ್' ಅಂತ ಹಳೆಯ ಹಾದಿಗೆ ಬಿದ್ದದ್ದು ಬೆರಳಿಗೆ ಗೊತ್ತಾದ ಮೇಲೆ ಬಿಗಿಯುತ್ತಾರೆ. ಅವಸರದ ಕೈ ಪ್ರತಿ ಸಲ ಹೊಸ ಹಾದಿ ಕೊರೆಯುತ್ತೆ, ಕೊನೆಗೆ ಹಾದಿಯೇ ಉಳಿಯುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಗೆಳೆಯನ ಹತ್ತಿರ ಕೈ ಬದಲಾಗಿ ಕೈ ಬದಲಾಗಿ ಬಂದ ಗಿಟಾರೊಂದಿತ್ತು. ನಾಲ್ಕರಲ್ಲಿ ಮೂರು ತೂತು ಸವೆದು ಸ್ಕ್ರೂ ಸುಮ್ಮನೆ ಸುತ್ತುತ್ತಿತ್ತು. ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಒಂದು ವರ್ಷ ದೂಡಿದೆವು. ನಾನು ಈ ಹಿತ್ತಾಳೆಯ ಸುದ್ದಿ ಕೇಳಿದ್ದು ಆಮೇಲೆ, ಅವನ ಕತ್ತಿಗೆ ಅದನ್ನು ಕೂರಿಸಿಕೊಟ್ಟ ರಿಪೇರಿಯವರ ಬೆಂಚಿನ ಪಕ್ಕ ನಿಂತು.

ಅದನ್ನು ಇನ್ಸರ್ಟು ಅನ್ನುತ್ತಾರೆ. ಕಿರುಬೆರಳಿನ ಉಗುರಿನಷ್ಟುದ್ದದ ಲೋಹದ ಕೊಳವೆ. ಹೊರಮೈಗೆ ಮರ ಕಚ್ಚುವ ದೊಡ್ಡ ಥ್ರೆಡ್ಡು, ಒಳಮೈಗೆ ಬೋಲ್ಟು ಕಚ್ಚುವ ಸಣ್ಣ ಥ್ರೆಡ್ಡು. ಇದನ್ನು ಕತ್ತಿನ ಹಿಮ್ಮಡಿಯೊಳಗೆ ಒಂದೇ ಸಲ, ಶಾಶ್ವತವಾಗಿ ಕೂರಿಸಿಬಿಟ್ಟರೆ ಆಮೇಲೆ ನಿಜವಾದ ಬೋಲ್ಟು ಹಾಕಬಹುದು. ಲೋಹಕ್ಕೆ ಲೋಹ. ನೂರು ಸಲ ಬಿಚ್ಚಿ, ನೂರು ಸಲ ಹಾಕಿ, ಮರಕ್ಕೆ ನೋವಿಲ್ಲ. ಹೇಳಲು ಸುಲಭ. ಮೇಪಲ್ ಅನ್ನುವ ಆ ಮರ ಕಲ್ಲಿನಂಥದ್ದು. ತೂತು ಕೂದಲೆಳೆಯಷ್ಟು ಕಿರಿದಾದರೂ ಇನ್ಸರ್ಟು ಇಳಿಯುವಾಗ ಹಿಮ್ಮಡಿ ಸೀಳುತ್ತದೆ. ಹಿರಿದಾದರೆ ಇನ್ಸರ್ಟೇ ಬೋಲ್ಟಿನ ಜೊತೆ ಸುತ್ತುತ್ತದೆ, ಆಗ ಬಿಗಿಯುವುದಕ್ಕೂ ಬರುವುದಿಲ್ಲ, ಬಿಚ್ಚುವುದಕ್ಕೂ ಬರುವುದಿಲ್ಲ. ಹಿಮ್ಮಡಿಯ ದಪ್ಪ ಒಂದು ಇಂಚಿನ ಆಸುಪಾಸು. ಅದರಲ್ಲಿ ಮೇಲಿನ ಕಾಲು ಇಂಚು ಬೆರಳು ಓಡಾಡುವ ಹಲಗೆಗೆ ಹೋಯಿತು. ಉಳಿದದ್ದರಲ್ಲಿ ಅರ್ಧ ಇಂಚಿನ ಇನ್ಸರ್ಟು ಕೂರಬೇಕು. ಡ್ರಿಲ್ಲು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಬೇಕು. ಒಂದು ಕ್ಷಣ ಮೈಮರೆತರೆ ಬಿಟ್ಟು ಮೇಲಿನ ಹಲಗೆಯನ್ನೇ ತೂರಿ ಹೊರಬರುತ್ತೆ.

ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ಇಳಿಜಾರು ಕೊಡಬೇಕು, ಇಲ್ಲದಿದ್ದರೆ ಇನ್ಸರ್ಟು ಇಳಿಯುವಾಗ ಸುತ್ತಲ ಮರ ಗುಳ್ಳೆಯಂತೆ ಎದ್ದು ಕತ್ತು ಒಡಲಿಗೆ ಸಮವಾಗಿ ಕೂರುವುದಿಲ್ಲ. ಥ್ರೆಡ್ಡಿಗೆ ಸೋಪೋ ಮೇಣವೋ ಸವರಬೇಕು. ಇನ್ಸರ್ಟಿನ ತಲೆಯ ಮೇಲೆ ಸ್ಕ್ರೂಡ್ರೈವರಿಗೆ ಅಂತ ಒಂದು ಗೀರಿರುತ್ತದೆ, ಅದನ್ನು ನಂಬಬಾರದು. ಹಿತ್ತಾಳೆ ಮೆತ್ತಗೆ, ಗೀರು ಮುರಿದುಹೋಗುತ್ತದೆ. ಆ ರಿಪೇರಿಯವರು ಮಾಡಿದ್ದು ಹೀಗೆ: ಒಂದು ಬೋಲ್ಟಿಗೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು, ಅದರ ತುದಿಗೆ ಇನ್ಸರ್ಟು ಸಿಕ್ಕಿಸಿ, ಬೋಲ್ಟಿನ ಇನ್ನೊಂದು ತುದಿಯನ್ನು ನಿಲುವು ಡ್ರಿಲ್ಲಿನ ಬಾಯಿಗೆ ಕೊಟ್ಟರು. ಕರೆಂಟಿನ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟರು. ಒಂದು ಕೈಯಲ್ಲಿ ಹಿಡಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ಬಾಯಿಯನ್ನು ತಿರುಗಿಸಿದರು. ಯಂತ್ರ ಇದ್ದದ್ದು ನೆಟ್ಟಗೆ ಹಿಡಿದುಕೊಳ್ಳಲಿಕ್ಕೆ ಮಾತ್ರ, ಸುತ್ತಿದ್ದು ಕೈ. "ಕರೆಂಟಿಗೆ ಮರ ಕೇಳಿಸಲ್ಲ ಕಣಪ್ಪಾ" ಅಂದರು. ಆ ಮಾತು ನಮ್ಮ ವಿಮರ್ಶಕರ ಯಾವ ಲೇಖನದಲ್ಲೂ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ಉಂಟು. ಒಡಲಿನ ತೂತುಗಳನ್ನು ಬೋಲ್ಟು ಎಲ್ಲೂ ಕಚ್ಚದೆ ಸರಾಗ ಹಾದುಹೋಗುವಷ್ಟು ಅಗಲ ಮಾಡಬೇಕು. ನಡುವೆ ಅದು ಒಡಲನ್ನೂ ಕಚ್ಚಿಕೊಂಡರೆ ಕತ್ತು ಹತ್ತಿರಕ್ಕೆ ಬರುವುದೇ ಇಲ್ಲ, ಎರಡರ ನಡುವೆ ಸಂದು ಹಾಗೇ ಉಳಿಯುತ್ತದೆ. ಬೋಲ್ಟು ಎಷ್ಟು ಬಿಗಿದರೂ ಬಿಗಿದಂತೆ ತೋರುತ್ತೆ ಅಷ್ಟೇ.

ಈಗ ಜಗಳಕ್ಕೆ ಬರೋಣ. ಇನ್ಸರ್ಟು ಹಾಕಬಾರದು ಅನ್ನುವವರಲ್ಲಿ ಎರಡು ಗುಂಪು. ಮೊದಲನೆಯವರು ಕೆಲಸ ಬಲ್ಲವರು. ನಾಲ್ಕು ಮರದ ಸ್ಕ್ರೂ 70 ವರ್ಷದಿಂದ ಹಿಡಿದುಕೊಂಡಿವೆ, ಸುಮ್ಮನೆ ಯಾಕೆ ಕೊರೆಯುತ್ತೀರಿ, ಪದೇ ಪದೇ ಬಿಚ್ಚುವವರು ಎಷ್ಟು ಜನ ಅನ್ನುತ್ತಾರೆ. ಇವರ ಮಾತಿನಲ್ಲಿ ಹುರುಳಿದೆ, ತೂತು ಸವೆಯದಿದ್ದರೆ ಕೊರೆಯುವುದು ಬೇಡ. ಎರಡನೆಯವರು ಸಂಗ್ರಹಕಾರರು. ಹಳೆಯ ಗಿಟಾರಿಗೆ ಹೊಸ ತೂತು ಬಿದ್ದರೆ ಅದರ 'ಮೂಲ' ಹೋಯಿತು, ಬೆಲೆ ಹೋಯಿತು ಅನ್ನುತ್ತಾರೆ. ಮೂಲ ಅನ್ನುವ ಶಬ್ದ ಕೇಳಿದ ಕೂಡಲೇ ನನ್ನ ಮೈ ಎಚ್ಚರವಾಗುತ್ತೆ. ಮೂಲದ ಮಾತಾಡಿದವರೆಲ್ಲ ನಮ್ಮನ್ನು ಎಲ್ಲಿ ನಿಲ್ಲಿಸಿದರು ಅಂತ ಬಿಡಿಸಿ ಹೇಳಬೇಕೆ?

ಗ್ರೀಸಿನವರಲ್ಲಿ ಥೀಸಿಯಸ್ಸನ ಹಡಗು ಅಂತ ಒಂದು ಪ್ರಶ್ನೆಯಿದೆ, ಪ್ಲೂಟಾರ್ಕ್ ಅದನ್ನು ಬರೆದಿಟ್ಟಿದ್ದಾನೆ. ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೇ ಅಂತ. ಕಾಲೇಜಿನಲ್ಲಿ ಇದನ್ನು ಕೇಳಿದಾಗ ಇಷ್ಟು ಸರಳ ವಿಷಯಕ್ಕೆ ಯಾಕಿಷ್ಟು ತಲೆಬಿಸಿ ಅಂತ ನನಗೆ ಆಶ್ಚರ್ಯವಾಗಿತ್ತು. ಗುಳ ಸವೆದರೆ ಗುಳ ಬದಲಾಯಿತು, ಈಚು ಮುರಿದರೆ ಈಚು ಬದಲಾಯಿತು, ಬೆಣೆ ಪ್ರತಿ ವರ್ಷವೂ ಹೊಸದು. ಆದರೂ ಅದು ಅಪ್ಪನ ನೇಗಿಲೇ. ಯಾಕೆಂದರೆ ಅದು ಹೊಲಕ್ಕೆ ಹೋಗುತ್ತಿತ್ತು. ಗೋಡೆಗೆ ನೇತುಹಾಕಿದವನಿಗೆ ಮಾತ್ರ ಮೂಲದ ಚಿಂತೆ ಹತ್ತುವುದು. ಎರಿಕ್ ಕ್ಲಾಪ್ಟನ್ 1970ರ ಸುಮಾರಿಗೆ ಮೂರು ಹಳೆಯ ಸ್ಟ್ರಾಟೋಕಾಸ್ಟರುಗಳ ತುಂಡುಗಳನ್ನು ಕೂಡಿಸಿ ಒಂದು ಗಿಟಾರು ಮಾಡಿಕೊಂಡ. ಅದಕ್ಕೆ 'ಬ್ಲ್ಯಾಕಿ' ಅಂತ ಹೆಸರು. ಮೂಲದವರ ಲೆಕ್ಕದಲ್ಲಿ ಅದು ಬೆರಕೆ. ಆ ಬೆರಕೆಯೇ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು! ದೊಡ್ಡವನ ಕೈಯಲ್ಲಿ ಬೆರಕೆಯಾದರೆ ಇತಿಹಾಸ, ಬಡ ಹುಡುಗ ಹಿತ್ತಾಳೆ ಕೂರಿಸಿದರೆ ಅಪಚಾರ. ಈ ನ್ಯಾಯ ನಮಗೆ ಹೊಸದಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ. ಹಿತ್ತಾಳೆ ಹಾಕಿ ಅಂತ ಒಂದು ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತಿದ್ದೆ. ತಡೆದದ್ದು ಎರಡು ಅಕ್ಷರ.

1950ರ ದಶಕದ ಮೊದಲ ವರ್ಷಗಳ ಫೆಂಡರ್ ಗಿಟಾರುಗಳ ಕತ್ತು ಬಿಚ್ಚಿದರೆ ಹಿಮ್ಮಡಿಯ ಮೇಲೆ ಪೆನ್ಸಿಲಿನಲ್ಲಿ ಒಂದು ತಾರೀಕು, ಅದರ ಜೊತೆ ಟಿ.ಜಿ. ಅಂತ ಎರಡು ಅಕ್ಷರ ಅನೇಕ ಕತ್ತುಗಳಲ್ಲಿ ಸಿಕ್ಕಿವೆ. ಟಾಡಿಯೋ ಗೋಮೆಜ್. ಫುಲರ್ಟನ್ ಕಾರ್ಖಾನೆಯಲ್ಲಿ ಕತ್ತುಗಳನ್ನು ಉಜ್ಜಿ ರೂಪ ಕೊಡುತ್ತಿದ್ದ ಮೆಕ್ಸಿಕನ್ ಮೂಲದ ಕೆಲಸಗಾರ. ಅಂಗೈಗೆ ಆ ಕತ್ತು ಹಾಲು ಕುಡಿದಷ್ಟು ಸಲೀಸಾಗಿ ಕೂರುತ್ತದೆ ಅಂತ ಜಗತ್ತಿನ ದೊಡ್ಡ ವಾದಕರು ಹೊಗಳುವಾಗ ಅವರು ಹೊಗಳುತ್ತಿರುವುದು ಈ ಮನುಷ್ಯನ ಕೈಯನ್ನು. ಗಿಟಾರಿನ ತಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಮಾಲೀಕನ ಹೆಸರು. ಕೀಲಿನ ಒಳಗೆ, ಯಾರೂ ನೋಡದ ಕತ್ತಲಲ್ಲಿ, ಮಾಡಿದವನ ಎರಡಕ್ಷರ.

ಇದೊಂದೇ ಅಲ್ಲ. ಆ ಕಾಲದ ಗಿಟಾರುಗಳ ತಂತಿ ಜೋಡಿಸುವ ಗುಳಿಗಳಲ್ಲಿ, ಆಂಪ್ಲಿಫೈಯರುಗಳ ಹೊಟ್ಟೆಯಲ್ಲಿ ಪುಟ್ಟ ಟೇಪಿನ ತುಂಡುಗಳು ಅಂಟಿಕೊಂಡಿರುತ್ತವೆ. ಮೇಲೆ ಮೇರಿ, ಗ್ಲೋರಿಯಾ ಅಂತ ಬರಹ. ಬೆಸುಗೆ ಹಾಕುತ್ತಿದ್ದ ಹೆಣ್ಣುಮಕ್ಕಳ ಹೆಸರುಗಳು. ಗಿಟಾರಿನ ದನಿ ಹಿಡಿಯುವ ಪಿಕಪ್ಪುಗಳಿಗೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. 1956ರಲ್ಲಿ ಆ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ನಿವೃತ್ತಿಯಾದದ್ದು 2013ರಲ್ಲಿ. ಆಕೆಯ ವಿಷಯದಲ್ಲಿ ಮಾತ್ರ ಕಾಲ ಸ್ವಲ್ಪ ತಿರುಗಿತು. ಆಕೆ ಸುತ್ತಿದ ಪಿಕಪ್ಪು ಅಂತಲೇ ಜನ ಹುಡುಕಿಕೊಂಡು ಹೋಗುವಂತಾಯಿತು. ಗ್ಲೋರಿಯಾಗೆ ಆ ಭಾಗ್ಯವಿಲ್ಲ. ಆಕೆ ಒಂದು ತುಂಡು ಟೇಪು.

ಟಿ.ಜಿ. ಎಂಬುದು ಹೆಮ್ಮೆಯ ಸಹಿಯೋ? ಇಲ್ಲಾ ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ತಿಳಿಯಲು ಇಟ್ಟ ಗುರುತೋ? ಎರಡೂ ಒಂದೇ ಪೆನ್ಸಿಲಿನಲ್ಲಿ ಬರುತ್ತವೆ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ನಮ್ಮ ಅವ್ವಂದಿರು ಕೂಲಿಗಾಗಿ ಒತ್ತುತ್ತಾರೆ, ಆದರೂ ಆ ಬೆರಳ ಗೆರೆ ಅವರದೇ. ಕ್ರಮೇಣ ಕಾರ್ಖಾನೆ ದೊಡ್ಡದಾಯಿತು. ಅಕ್ಷರಗಳು ನಿಂತವು, ತಾರೀಕು ಉಳಿಯಿತು. 1962ರ ಹೊತ್ತಿಗೆ ಪೆನ್ಸಿಲೂ ಹೋಗಿ ರಬ್ಬರಿನ ಮೊಹರು ಬಂತು. 1965ರ ಜನವರಿಯಲ್ಲಿ ಸಿ.ಬಿ.ಎಸ್. ಕಂಪನಿ ಇಡೀ ಕಾರ್ಖಾನೆಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಮೊಹರಿನಲ್ಲಿ ತಿಂಗಳಿತ್ತು, ವರ್ಷವಿತ್ತು, ಮನುಷ್ಯ ಇರಲಿಲ್ಲ.

ಹಾಗಾದರೆ ನನ್ನ ಪ್ರಶ್ನೆ ಈಗ ಹೀಗೆ ನಿಲ್ಲುತ್ತದೆ. ಟಿ.ಜಿ. ಅಂತ ಬರೆದ ಒಂದು ಕತ್ತು ಸಿಕ್ಕಿದೆ, ತೂತುಗಳು ಸವೆದಿವೆ. ಇನ್ಸರ್ಟು ಹಾಕಬೇಕಾದರೆ ಕೊರೆಯಬೇಕು, ಬಾಯಿ ಅಗಲಿಸಬೇಕು, ಎದ್ದ ಗುಳ್ಳೆಯನ್ನು ಮರಳುಕಾಗದದಲ್ಲಿ ಉಜ್ಜಬೇಕು. ಆ ಉಜ್ಜಿನಲ್ಲಿ ಎರಡಕ್ಷರ ಹೋಗುತ್ತವೆ. ಯಾರ ಪರ ನಿಲ್ಲೋಣ? ನುಡಿಸುವವನ ಪರವೋ, ಬರೆದವನ ಪರವೋ?

ನುಡಿಸಲಿಕ್ಕಂತಲೇ ಮಾಡಿದ್ದಲ್ಲವೇ, ಟಾಡಿಯೋ ಗೋಮೆಜ್ ಬದುಕಿದ್ದರೆ ಕೊರೆಯಪ್ಪಾ ಅನ್ನುತ್ತಿದ್ದ ಅಂತ ಒಬ್ಬ ಗೆಳೆಯ ವಾದಿಸಿದ. ಸತ್ತವರ ಬಾಯಲ್ಲಿ ನಮಗೆ ಬೇಕಾದ ಮಾತು ಆಡಿಸುವ ಚಾಳಿ ನನಗೆ ಹಿಡಿಸದು. ಅವರ ಪರವಾಗಿ ಮಾತಾಡಿದವರ ಕಾಟವೇ ಸಾಕಾಗಿದೆ. ಇತ್ತ ಸಂಗ್ರಹಕಾರನೂ ಆ ಅಕ್ಷರ ಉಳಿಸಬೇಕು ಅನ್ನುತ್ತಾನೆ, ಆದರೆ ಅವನಿಗೆ ಅದು ಹೆಸರಲ್ಲ, ಬೆಲೆಚೀಟಿ. ಆ ಅಕ್ಷರದಿಂದ ಏರಿದ ಬೆಲೆಯಲ್ಲಿ ಉಜ್ಜಿದ ಕೈಗೆ ಬಿಡಿಗಾಸೂ ಹೋಗುವುದಿಲ್ಲ. ಅವನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಲ್ಲಾ ಅಂತ ನನಗೆ ಸಂಕಟ. ಆದರೂ ನಿಲ್ಲುತ್ತೇನೆ. ಆ ಕೈ ಬೇರೆ ಯಾವ ಪುಸ್ತಕದಲ್ಲೂ ಬರೆದಿಲ್ಲ. ಇದ್ದ ಒಂದೇ ಕಾಗದ ಈ ಮರ. ಒಬ್ಬನ ಗಿಟಾರಿಗೆ ಇನ್ನೊಂದು ಕತ್ತು ಸಿಕ್ಕುತ್ತದೆ, ಫೆಂಡರ್ ಅದನ್ನು ಹಾಗೇ ಮಾಡಿದ್ದಾನೆ. ಆ ಎರಡಕ್ಷರಕ್ಕೆ ಬದಲಿ ಇಲ್ಲ.

ಬೆಂಚಿನ ಮುಂದೆ ನಿಂತವರಿಗೆ ಇಷ್ಟು ಗೋಜಲಿಲ್ಲ ಅನ್ನುವುದನ್ನೂ ಹೇಳಬೇಕು. ಬರಹ ತೂತುಗಳಿಂದ ದೂರವಿದ್ದರೆ ಅದರ ಮೇಲೆ ಕಾಗದ ಮುಚ್ಚಿ, ಹಳೆಯ ತೂತುಗಳ ಜಾಗದಲ್ಲಷ್ಟೇ ಕೊರೆದು, ಮರಳುಕಾಗದದ ಬದಲು ಉಳಿಯ ತುದಿಯಲ್ಲಿ ಗುಳ್ಳೆ ಕೆತ್ತಿ ತೆಗೆಯಬಹುದು ಅಂದರು ಆ ರಿಪೇರಿಯವರು. ಇಲ್ಲವಾದರೆ ಸವೆದ ತೂತಿಗೆ ಮೇಪಲ್ಲಿನ ಕಡ್ಡಿ ತುಂಬಿ ಹಳೆಯ ಸ್ಕ್ರೂವನ್ನೇ ಹಾಕಿ, ಇನ್ನು ಬಿಚ್ಚಬೇಡಿ ಅಂತ ಹೇಳಿ ಕಳಿಸಬಹುದು. ನಾನು ಅರ್ಧ ತಿಂಗಳು ಯೋಚಿಸಿದ್ದಕ್ಕೆ ಅವರು ಚಹಾ ಆರುವುದರೊಳಗೆ ಉತ್ತರ ಕೊಟ್ಟರು.

ಅಂಟಿನ ಪಂಥದ ಬಗ್ಗೆ ಒಂದು ಮಾತು ಉಳಿದಿದೆ. ಅವರ ಕೀಲು ಕುಲೀನವಂತೆ. ಆ ಕುಲೀನ ಕೀಲನ್ನು ಹಿಡಿದಿರುವುದು ಏನು? ಸರೇಸು. ಪ್ರಾಣಿಯ ತೊಗಲು ಬೇಯಿಸಿ ತೆಗೆದ ಅಂಟು. ಪಿಟೀಲನ್ನು ಕೂಡಿಸುವುದೂ ಅದರಿಂದಲೇ, ಆ ಪಿಟೀಲು ನಮ್ಮ ಸಭೆಗಳಲ್ಲಿ ಮಡಿ ಉಟ್ಟವರ ಎದೆಗೆ ಒರಗಿಕೊಂಡಿರುತ್ತದೆ. ಪಕ್ಕದಲ್ಲಿ ಮೃದಂಗದ ತೊಗಲು. ಆ ಮೃದಂಗ ಮಾಡುವವರ ಬದುಕಿನ ಮೇಲೆ ಟಿ.ಎಂ. ಕೃಷ್ಣ ಅವರ ಪುಸ್ತಕ ಬಂದದ್ದು 2020ರಲ್ಲಿ, ಅಲ್ಲಿಯ ತನಕ ಸಭೆಗಳಲ್ಲಿ ಎಷ್ಟು ಸಾವಿರ ಕಚೇರಿ ಮುಗಿದಿದ್ದವೋ. ಇರಲಿ, ಸರೇಸಿಗೆ ಒಂದು ದೊಡ್ಡ ಗುಣವಿದೆ. ಅದು ಹಟಮಾರಿಯಲ್ಲ. ಬಿಸಿ, ತೇವ ತಗುಲಿದರೆ ಬಿಡುತ್ತದೆ. ಮಾರ್ಟಿನ್ ಗಿಟಾರಿನ ಕತ್ತು ವಾಲಿದರೆ ಕೀಲಿಗೆ ಹಬೆ ಬಿಟ್ಟು, ಸಡಿಲಿಸಿ, ಕತ್ತು ತೆಗೆದು ಮತ್ತೆ ಕೂರಿಸುತ್ತಾರೆ. ಅಂದರೆ ಹಳಬರು ಅಂಟು ಹಾಕುವಾಗಲೂ ಮುಂದೊಂದು ದಿನ ಬಿಚ್ಚುವವನೊಬ್ಬ ಬರುತ್ತಾನೆ ಅಂತ ಜಾಗ ಬಿಟ್ಟಿದ್ದರು. ಎಂದೂ ಬಿಚ್ಚಲಾಗದ ಕೀಲು ಈ ಕಾಲದ್ದು. ಕೈಯಲ್ಲಿರುವ ಮೊಬೈಲಿನ ಬ್ಯಾಟರಿ ಬದಲಿಸಲು ಹೋಗಿ ನೋಡಿ. ರಿಪೇರಿ ಮಾಡಿಸಿಕೊಳ್ಳುವುದು ಜನರ ಹಕ್ಕು ಅಂತ ಯುರೋಪಿನವರು 2024ರಲ್ಲಿ ಒಂದು ನಿರ್ದೇಶನ ತರಬೇಕಾಯಿತು.

ಮತ್ತೆ, ಆ ಕತ್ತಿನ ಮೇಲಿನ ಹಲಗೆ. 1958ರ ತನಕ ಫೆಂಡರಿನದು ಮೇಪಲ್ಲೇ, ಆಮೇಲೆ ರೋಸ್‌ವುಡ್ ಬಂತು. ಮೊದಮೊದಲು ಬ್ರೆಜಿಲಿನದು. ಅಲ್ಲಿಯದು ಸಿಗುವುದು ಕಷ್ಟವಾದಾಗ ಗಿಟಾರಿನವರು ಭಾರತದ ಮರಕ್ಕೆ ತಿರುಗಿದರು. ಮಾರ್ಟಿನ್ ಕಂಪನಿ ತಿರುಗಿದ್ದು 1969ರಲ್ಲಿ. ಭಾರತದ ರೋಸ್‌ವುಡ್ ಅಂದರೆ ನಮ್ಮ ಬೀಟೆ, ಪಶ್ಚಿಮ ಘಟ್ಟದ ಬೀಟೆ. ಆ ಕುಲದ ಮರಗಳ ವ್ಯಾಪಾರಕ್ಕೆ 2017ರಲ್ಲಿ ಸೈಟಿಸ್ ಒಪ್ಪಂದದ ಕಟ್ಟು ಬಿತ್ತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕೆ ಕಾಗದ ಇದೆ, ವಾದ್ಯಕ್ಕೆ ಕಾಗದ ಇದೆ. ಕಾಡಿನಲ್ಲಿ ಅದನ್ನು ಕಡಿದವನ, ಹೊತ್ತವನ, ಗರಗಸದ ಮಿಲ್ಲಿನಲ್ಲಿ ಸೀಳಿದವನ ಎರಡಕ್ಷರ ಯಾವ ಹಿಮ್ಮಡಿಯ ಮೇಲೆ ಹುಡುಕಲಿ?

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯಲ್ಲಿ ಹಳೆಯ ಹಾರ್ಮೋನಿಯಮ್ಮೋ, ಡೋಲೋ, ಗೋಡೆ ಗಡಿಯಾರವೋ ಇದ್ದು ರಿಪೇರಿಗೆ ಬಿಚ್ಚುವ ಸಂದರ್ಭ ಬಂದರೆ, ಒರೆಸುವ ಮೊದಲು ಒಳಗೊಂದು ಸಲ ಟಾರ್ಚು ಬಿಟ್ಟು ನೋಡಿ. ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದರೆ, ಅರ್ಥವಾಗದಿದ್ದರೂ ಪರವಾಗಿಲ್ಲ, ಇದ್ದದ್ದು ಇದ್ದ ಹಾಗೆ ಬರೆದುಕೊಂಡು ಪತ್ರಿಕೆಯ ವಿಳಾಸಕ್ಕೆ ಕಳಿಸಿ.